ಇನ್ನೊಬ್ಬರ ಚಿತ್ರವನ್ನು ಹಂಚುವ ಮುನ್ನ

ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ, 1995ರಲ್ಲಿ ರೂಪುಗೊಂಡ ಎಕ್ಸಿಫ್ (ಚಿತ್ರದ ವಿವರಗಳನ್ನು ಕಡತದಲ್ಲೇ ದಾಖಲಿಸುವ) ಮಾದರಿಯಂತೆ, ದಿನ, ವೇಳೆ ಮತ್ತು ಸ್ಥಳದ ಅಕ್ಷಾಂಶ ರೇಖಾಂಶಗಳೂ ಅಡಗಿರಬಹುದಾದ್ದರಿಂದ, ಅಂಗಳದಲ್ಲಿ ಆಡುವ ಮಗುವಿನ ಚಿತ್ರವನ್ನು ಮೂಲ ಕಡತವಾಗಿಯೇ ಕಳುಹಿಸಿದರೆ ಮನೆಯ ವಿಳಾಸವನ್ನೂ ಕೊಟ್ಟಂತಾಗುತ್ತದೆ. ಮೊದಲು ಕ್ಯಾಮೆರಾಕ್ಕೆ ನೀಡಿರುವ ಸ್ಥಳದ ಅನುಮತಿಯನ್ನು ಹಿಂಪಡೆಯಿರಿ. ಹಳೆಯ ಚಿತ್ರಗಳಾದರೆ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳುಹಿಸಿ. ಹಿನ್ನೆಲೆಯನ್ನೂ ಹಿಗ್ಗಿಸಿ ನೋಡಿ: ಸಮವಸ್ತ್ರದ ಮೇಲಿನ ಶಾಲೆಯ ಹೆಸರು, ವಾಹನದ ನೋಂದಣಿ ಸಂಖ್ಯೆ, ಮೇಜಿನ ಮೇಲೆ ತೆರೆದಿಟ್ಟ ವೈದ್ಯರ ಚೀಟಿ ಅಲ್ಲೇ ಕಾಣಿಸುತ್ತವೆ. ಅಂಥ ಭಾಗವನ್ನು ಮಸುಕುಗೊಳಿಸುವುದಕ್ಕಿಂತ ಕತ್ತರಿಸುವುದೇ ಮೇಲು. ಚಿತ್ರ ತೆಗೆಸಿಕೊಳ್ಳಲು ಒಪ್ಪಿದವರು ಹಂಚಿಕೆಗೂ ಒಪ್ಪಿದ್ದಾರೆಂದು ಭಾವಿಸಬಾರದು (ನಾನೂ ಹಾಗೆ ಭಾವಿಸಿದ್ದುಂಟು); ಯಾರಿಗೆ ಕಳುಹಿಸುತ್ತೀರೆಂದು ತಿಳಿಸಿಯೇ ಕೇಳಿ. ಮುಂದೆಂದಾದರೂ ಅವರು ಅಳಿಸಲು ಹೇಳಿದರೆ ಕಾರಣ ಕೇಳದೆ ಅಳಿಸಿ, ಪಡೆದವರಿಗೂ ತಿಳಿಸಿ.