ಅಗ್ಗದ ಕ್ಯಾಮೆರಾಗೆ ಇಂಟರ್ನೆಟ್ ಕಟ್ ಮಾಡಿದ್ದು

ಅಪ್ಪ ಹಾಸಿಗೆ ಹಿಡಿದಾಗ ಅವರ ಕೋಣೆಗೆ ಚೀನಾದ ಒಂದು ಅಗ್ಗದ ವೈಫೈ ಕ್ಯಾಮೆರಾ ತಂದೆ. ದುಬಾರಿಯದು ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಆ್ಯಪ್ ಹಾಕಿದ ಕೂಡಲೇ ಅದು ಲೊಕೇಶನ್, ಕಾಂಟ್ಯಾಕ್ಟ್ಸ್ ಎಲ್ಲ ಕೇಳಿತು. ಮಲಗಿರುವ ಅಪ್ಪನನ್ನು ನೋಡೋಕೆ ನನ್ನ ಕಾಂಟ್ಯಾಕ್ಟ್ಸ್ ಯಾಕೆ ಬೇಕು?

ಮನೆಯ ರೂಟರ್‌ನಲ್ಲಿ ಮೊದಲೇ ಓಪನ್‌ಡಬ್ಲ್ಯುಆರ್‌ಟಿ (ರೂಟರ್ ಅನ್ನು ನಮಗೆ ಬೇಕಾದ ಹಾಗೆ ನಡೆಸಲು ಬಿಡುವ ಸಾಫ್ಟ್‌ವೇರ್) ಹಾಕಿಕೊಂಡಿದ್ದೆ. ಅದರಲ್ಲಿ ನೆಟ್‌ವರ್ಕ್ ಸಂಚಾರ ದಾಖಲಿಸುವ ಟಿಸಿಪಿಡಂಪ್ ಓಡಿಸಿ, ಕ್ಯಾಮೆರಾದ ಐಪಿಯಿಂದ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಹೋಗಿಬರುವ ಪ್ಯಾಕೆಟ್‌ಗಳನ್ನಷ್ಟೇ, ಅಂದರೆ ಡೇಟಾದ ತುಣುಕುಗಳನ್ನು, ಒಂದು ರಾತ್ರಿ ಪೂರ್ತಿ ಹಿಡಿದಿಟ್ಟು, ಬೆಳಗ್ಗೆ ಅವನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ತೆರೆದು ನೋಡಿದೆ. ಯಾರೂ ವಿಡಿಯೊ ನೋಡದ ಹೊತ್ತಲ್ಲೂ ಅದು ಹೊರದೇಶದ ಸರ್ವರ್‌ಗಳ ಜೊತೆ ಮಾತಾಡುತ್ತಲೇ ಇತ್ತು. ಎಲ್ಲಾ ಚಿಕ್ಕ ಪ್ಯಾಕೆಟ್‌ಗಳು, ವಿಡಿಯೊ ಅಲ್ಲ. ಆ್ಯಪ್ ತೆರೆದ ತಕ್ಷಣ ಸಿಗಲಿ ಅಂತ ಇಂಥ ಕ್ಯಾಮೆರಾಗಳು ಸಂಪರ್ಕ ಉಳಿಸಿಕೊಂಡಿರುತ್ತವೆ, ಅಷ್ಟಕ್ಕೇ ಬೇಹುಗಾರಿಕೆ ಅನ್ನೋಕಾಗಲ್ಲ. ಆದರೆ ಆ ಬಾಗಿಲ ಕೀಲಿ ನನ್ನ ಕೈಯಲ್ಲಿರಲಿಲ್ಲ.

ಚೀನಾದ್ದು ಬೇಡ, ಜಾಸ್ತಿ ಕೊಟ್ಟು ಬೇರೆ ತಗೋ ಅಂದರು ಸ್ನೇಹಿತರು. ಅವರ ಭಯ ಸುಳ್ಳಲ್ಲ. ಸರ್ಕಾರದ ಗುಪ್ತಚರ ಕೆಲಸಕ್ಕೆ ಅಲ್ಲಿನ ಕಂಪನಿಗಳು ಸಹಕರಿಸಬೇಕು ಅಂತ 2017ರ ಕಾನೂನೇ ಹೇಳುತ್ತದೆ. ಆದರೆ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯವರು ಬೇಹುಗಾರಿಕೆ ಸಾಧನ ಸೇರಿಸೋಕೆ ಅಲ್ಲಿನದೇ ನೆಟ್‌ವರ್ಕ್ ಉಪಕರಣ ಕಂಪನಿ ಸಿಸ್ಕೊದ ಪೆಟ್ಟಿಗೆಗಳನ್ನು ಸಾಗಣೆಯ ದಾರಿಯಲ್ಲೇ ಬಿಚ್ಚುತ್ತಿದ್ದ ಫೋಟೊ 2014ರಲ್ಲಿ ಹೊರಬಂತಲ್ವಾ, ಅದೇನು ಅಗ್ಗದ ಮಾಲಲ್ಲ. ಇನ್ನು 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್ (ವಿಡಿಯೊ ರೆಕಾರ್ಡರ್), ರೂಟರ್‌ಗಳಿಗೆ ನುಗ್ಗಿದ್ದು ಫ್ಯಾಕ್ಟರಿಯಲ್ಲಿ ಇಟ್ಟ ಪಾಸ್‌ವರ್ಡ್ ಬಳಸಿಯೇ, ಅದಕ್ಕೆ ಸರ್ಕಾರವೇ ಬೇಕಿರಲಿಲ್ಲ. ಹಾಗಾಗಿ ಯಾವ ದೇಶದ್ದು ಅಂತ ತಲೆ ಕೆಡಿಸಿಕೊಳ್ಳೋದು ಬಿಟ್ಟು, ಅದು ಹೊರಗೆ ಹೋಗದ ಹಾಗೆ ಮಾಡೋಣ ಅಂದುಕೊಂಡೆ.

ಮೊದಲು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರು ಕೊಟ್ಟರೆ ಐಪಿ ಹೇಳುವ ವ್ಯವಸ್ಥೆಯಲ್ಲಿ, ಆ ಸರ್ವರ್‌ಗಳ ಹೆಸರು ತಡೆದೆ. ಸಾಕಾಗಲಿಲ್ಲ, ಅದು ಹೆಸರು ಕೇಳದೆ ನೇರ ಐಪಿಗೇ ಹೋಯಿತು. ಆಮೇಲೆ ಕ್ಯಾಮೆರಾಗೆಂದೇ ಬೇರೆ ವೈಫೈ ಮಾಡಿ, ರೂಟರ್‌ನ ಫೈರ್‌ವಾಲ್‌ನಲ್ಲಿ (ಯಾರು ಎಲ್ಲಿಗೆ ಹೋಗಬಹುದು ಅಂತ ತಡೆಯುವ ಕಾವಲು) ಅಲ್ಲಿಂದ ಇಂಟರ್ನೆಟ್‌ಗೂ ಮನೆಯ ಉಳಿದ ಸಾಧನಗಳಿಗೂ ಹೋಗುವ ದಾರಿ ಮುಚ್ಚಿದೆ. ನಾವು ಅದನ್ನು ನೋಡಬಹುದು, ಅದು ತಾನಾಗಿ ನಮ್ಮ ಕಡೆ ಬರೋಹಾಗಿಲ್ಲ. ಸಾಧನಗಳು ತಾವೇ ರೂಟರ್‌ನಲ್ಲಿ ಹೊರಗಿನಿಂದ ದಾರಿ ತೆರೆದುಕೊಳ್ಳಲು ಬಿಡುವ ಯುಪಿಎನ್‌ಪಿ ಆಫ್ ಮಾಡಿದೆ, ಪಾಸ್‌ವರ್ಡ್ ಬದಲಿಸಿದೆ. ಆ್ಯಪ್ ತೆಗೆದು, ಕ್ಯಾಮೆರಾದ ವಿಡಿಯೊ ನೇರವಾಗಿ ಪಡೆಯುವ ಆರ್‌ಟಿಎಸ್‌ಪಿ ವಿಧಾನದಲ್ಲಿ ವಿಎಲ್‌ಸಿ ಪ್ಲೇಯರ್‌ನಿಂದ ನೋಡುತ್ತೇನೆ. ಹೊರಗಿದ್ದಾಗ ವೈರ್‌ಗಾರ್ಡ್ ಎಂಬ ವಿಪಿಎನ್ (ಮನೆಗೆ ಸುರಕ್ಷಿತ ಸಂಪರ್ಕ) ಹಾಕಿ ಮನೆಯ ನೆಟ್‌ವರ್ಕ್‌ಗೆ ಬಂದು ನೋಡುತ್ತೇನೆ. ಕ್ಯಾಮೆರಾದ ಗಡಿಯಾರ ಹಿಂದೆಮುಂದೆ ಆಗುತ್ತಿತ್ತು, ರೂಟರ್‌ನಿಂದಲೇ ಸಮಯ ಪಡೆಯುವಂತೆ ಸೆಟ್ ಮಾಡಿದ ಮೇಲೆ ಸರಿಹೋಯಿತು.

ಕೊಳ್ಳುವ ಮೊದಲು ಆರ್‌ಟಿಎಸ್‌ಪಿ ಇದೆಯಾ ಅಂತ ನೋಡಿ. ನನ್ನ ಕ್ಯಾಮೆರಾದಲ್ಲಿ ಇದ್ದದ್ದು ಸುಮ್ನೆ ಅದೃಷ್ಟ. ಆ್ಯಪ್, ಕ್ಲೌಡ್ ಬಿಟ್ಟು ನಡೆಯದ ಕ್ಯಾಮೆರಾ ಎಷ್ಟೇ ಅಗ್ಗವಾದರೂ ನಾನು ಮುಟ್ಟಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಅಪ್ಪನ ಬಟ್ಟೆ ಬದಲಿಸುವಾಗ ಅದನ್ನು ಗೋಡೆ ಕಡೆಗೆ ತಿರುಗಿಸಿ ಇಡುತ್ತೇನೆ.