ಮಳೆಯ ರಾತ್ರಿ ಆರು ಜನರಿಗೆ ರೊಟ್ಟಿ ಬಡಿದದ್ದು

ನಾಲ್ಕು ವರ್ಷ ಪುಣೆಯಲ್ಲಿದ್ದು ಕಲಬುರಗಿಗೆ ಮರಳುತ್ತಿದ್ದ ಗೆಳೆಯ ದಂಪತಿಗೆ ಮೊದಲ ರಾತ್ರಿಯ ಊಟ ನಮ್ಮ ಮನೆಯಲ್ಲೇ ಆಗಬೇಕೆಂದು ಹಟ ಹಿಡಿದವನು ನಾನು. ಅವರನ್ನು ಕಾಣಲು ಬರುವ ಇನ್ನಿಬ್ಬರು ಗೆಳೆಯರು, ನಾನು ಮತ್ತು ತಾಯಿ ಸೇರಿ ಆರು ಜನ. ಮಳೆಯಿಂದಾಗಿ ರೈಲು ಸೊಲ್ಲಾಪುರದಾಚೆಯೇ ತಡವಾಗಿದೆಯೆಂದು ತಿಳಿದಾಗ, ಇಟ್ಟಷ್ಟೂ ರುಚಿ ಹಿಡಿಯುವ ಪದಾರ್ಥಗಳನ್ನು ಮೊದಲು ಮುಗಿಸಿ, ಆರಿದರೆ ಕೆಡುವ ರೊಟ್ಟಿಯನ್ನು ಕಡೆಗೆ ಉಳಿಸಿಕೊಳ್ಳಲು ನಿಶ್ಚಯಿಸಿದೆ.

ಮೊದಲು ಪುಂಡಿ ಪಲ್ಯ; ಪುಂಡಿಯೆಂದರೆ ಹುಳಿ ಸೊಪ್ಪು. ಹಿಂದೊಮ್ಮೆ ಸೊಪ್ಪು, ಬೇಳೆ ಎರಡನ್ನೂ ಒಟ್ಟಿಗೆ ಕುಕ್ಕರಿಗೆ ಹಾಕಿ, ಬೇಳೆ ಕಾಳುಕಾಳಾಗಿ ಉಳಿದು ನಾಚಿಕೆಪಟ್ಟಿದ್ದೆ. ಹುಳಿಯಲ್ಲಿ ಬೇಳೆ ಮೆತ್ತಗಾಗುವುದಿಲ್ಲ. 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ನಮ್ಮೂರಿನ ತೊಗರಿಯೂ ಈ ವಿಷಯದಲ್ಲಿ ರಿಯಾಯಿತಿ ತೋರುವುದಿಲ್ಲ. ಆದ್ದರಿಂದ ಈ ಸಲ ಒಂದು ಬಟ್ಟಲು ಬೇಳೆಯನ್ನೂ ಹಿಡಿಯಷ್ಟು ಜೋಳದ ನುಚ್ಚನ್ನೂ ಮೊದಲೇ ಬೇಯಿಸಿಕೊಂಡೆ. ಕಣ್ಣಿ ಮಾರ್ಕೆಟ್ಟಿನಿಂದ ಬೆಳಗ್ಗೆ ತಂದಿದ್ದ ಎರಡು ಸಿವುಡು ಪುಂಡಿಯನ್ನು ಬೇರೆ ಕುದಿಸಿ, ಆ ನೀರನ್ನು ಬಸಿದು ಚೆಲ್ಲಿ, ಸೊಪ್ಪನ್ನು ಬೇಳೆಗೆ ಸೇರಿಸಿ ಕಡೆದು, ಬೆಳ್ಳುಳ್ಳಿಯನ್ನು ಕೈಬಿಚ್ಚಿ ಹಾಕಿ ಒಗ್ಗರಣೆ ಕೊಟ್ಟೆ.

ಎಣ್ಣೆಗಾಯಿಗೆ ಒಂದು ಕಿಲೋ ಎಳೆಯ ಬದನೆಕಾಯಿಗಳನ್ನು ತೊಟ್ಟು ಉಳಿಸಿ ನಾಲ್ಕಾಗಿ ಸೀಳಿದೆ. ಹುರಿದ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಯನ್ನು ತರಿಯಾಗಿ ಕುಟ್ಟಿ, ಮಸಾಲೆ ಖಾರ, ಹುಣಸೆ, ಬೆಲ್ಲ ಬೆರೆಸಿ ತುಂಬಿದೆ. ಗುರೆಳ್ಳು ಕಡಿಮೆಯಿರಲಿ, ಹೆಚ್ಚಾದರೆ ಕಹಿ ಮೇಲೆ ಬರುತ್ತದೆ. ಸಣ್ಣ ಉರಿಯಲ್ಲಿ ಮುಚ್ಚಿಟ್ಟ ಕಾಯಿಗಳು ಎಣ್ಣೆ ಬಿಡುವ ಹೊತ್ತಿಗೆ ಒಂಬತ್ತಾಗಿತ್ತು, ಕರೆಂಟೂ ಹೋಗಿತ್ತು. ಅಪಾಯಕ್ಕಿರಲೆಂದು ತಂದಿದ್ದ ಕಡಕ್ ರೊಟ್ಟಿಯ ಕಟ್ಟನ್ನು ತೆರೆದಿಟ್ಟು ಮರೆತಿದ್ದರಿಂದ, ಮಳೆಯ ತಂಪಿಗೆ ಅವೂ ಹಪ್ಪಳದಂತೆ ಮೆತ್ತಗಾಗಿದ್ದವು. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದೊಂದಾಗಿ ಬಿಸಿ ಮಾಡಿದಾಗ ಮತ್ತೆ ಸದ್ದು ಮಾಡತೊಡಗಿದವು.

ಅವರು ಮನೆ ಮುಟ್ಟಿದ್ದು ಹತ್ತೂವರೆಗೆ. ತೊಯ್ದ ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಎಸರು ಕುದಿಯಲಿಟ್ಟೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ತಾನಾಗಿ ಎಳೆ ಬರುವುದಿಲ್ಲ, ಕುದಿಯುವ ನೀರು ಬಿದ್ದಾಗ ಅದರ ಪಿಷ್ಟ ಬೆಂದು ಅಂಟಾಗುವುದರಿಂದಲೇ ರೊಟ್ಟಿ ನಿಲ್ಲುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ ಎಸರು ಸುರಿದು, ಚಮಚದಿಂದ ಕಲಸಿ, ಕೈ ತಾಳುವಷ್ಟು ಆರಿದ ಮೇಲೆ ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು ಅಂಗೈಬುಡದಿಂದ ನಾದಿದೆ. ಅವಸರದಲ್ಲಿ ನಾದಿದ ಮೊದಲ ರೊಟ್ಟಿಯ ಅಂಚು ಸೀಳಿತು. ಎರಡನೆಯದನ್ನು ತಾಳ್ಮೆಯಿಂದ ನಾದಿ, ಒಣಹಿಟ್ಟು ಉದುರಿಸಿ, ತಿರುಗಿಸುತ್ತ ಬಡಿದು ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವ ಮುನ್ನವೇ ತಿರುವಿದೆ. ಅದು ಪೂರ್ತಿ ಉಬ್ಬಿತು.

ಗೆಳೆಯರು ಶಹಾಬಾದ್ ಕಲ್ಲಿನ ನೆಲದ ಮೇಲೆ ಚಾಪೆ ಹಾಸಿ, ಮೊಬೈಲಿನ ಬೆಳಕಿನಲ್ಲಿ ಸಾಲಾಗಿ ಕುಳಿತರು. ಶೇಂಗಾ ಹಿಂಡಿಯ (ಚಟ್ನಿಪುಡಿಯ) ಮೇಲೆ ಕೆನೆಮೊಸರು ಬಿತ್ತು. ಗೆಳೆಯ ಪುಂಡಿ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡ; ಅವನ ಹೆಂಡತಿ ಎಣ್ಣೆಗಾಯಿಗೆ ಹುಳಿ ಸ್ವಲ್ಪ ಹೆಚ್ಚಾಯಿತೆಂದಳು, ಅದು ನಿಜವೇ ಆಗಿತ್ತು. ಹತ್ತು ರೊಟ್ಟಿಗೆ ನನ್ನ ಮಣಿಕಟ್ಟು ಸೋತಾಗ ತಾಯಿ ಮಾತಿಲ್ಲದೆ ಪರಾತವನ್ನು ತಮ್ಮತ್ತ ಎಳೆದುಕೊಂಡು, ಉಳಿದವನ್ನು ನನಗಿಂತ ಅರ್ಧ ಹೊತ್ತಿನಲ್ಲಿ ಬಡಿದು ಮುಗಿಸಿದರು. ಎಲ್ಲರೂ ಕೈತೊಳೆದ ಮೇಲೆ ನನ್ನ ಪಾಲಿಗೆ ಉಳಿದದ್ದು ಅಂಚು ಸೀಳಿದ ಆ ಮೊದಲ ರೊಟ್ಟಿ ಮತ್ತು ಪಾತ್ರೆಯ ತಳಕ್ಕೆ ಹತ್ತಿದ ಎಣ್ಣೆಗಾಯಿಯ ಮಸಾಲೆ.