ಮಲೆನಾಡಿನ ಮಳೆ, ನನ್ನ ಪೇಪರು ಮತ್ತು ಎಚ್-ಇಂಡೆಕ್ಸಿನ ಲೆಕ್ಕ

ಬಡ್ತಿಯ ಅರ್ಜಿಯಲ್ಲಿ ಒಂದು ಪುಟವಿರುತ್ತದೆ. ಪೇಪರ್ ಎಷ್ಟು, ಸೈಟೇಷನ್ (ಅಂದರೆ ಬೇರೆ ಪೇಪರ್‌ಗಳಲ್ಲಿ ನಮ್ಮದರ ಉಲ್ಲೇಖ) ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಮೂರು ಖಾನೆ, ಮೂರು ಅಂಕಿ. ಶಿವಮೊಗ್ಗದಲ್ಲಿ ಕೂತು ಮಲೆನಾಡಿನ ಮಳೆಯ ಮೇಲೆ ಕೆಲಸ ಮಾಡುವ ನನಗೆ ಆ ಪುಟ ತುಂಬಿಸಲು ಬೇಸಿಗೆ ರಜೆಯೇ ಹಿಡಿಯಿತು. ಅಂಕಿ ಸಿಗುವುದೇನೂ ಕಷ್ಟವಿಲ್ಲ. ಗೂಗಲ್ ಸ್ಕಾಲರ್ ತೆರೆದರೆ ಪಕ್ಕದಲ್ಲೇ ಇರುತ್ತದೆ. ಆದರೆ ಆ ಅಂಕಿ ಪೂರ್ತಿ ನನ್ನದೇನಾ, ಅದು ಏನನ್ನು ಎಣಿಸುತ್ತಿದೆ ಅಂತ ನೋಡಲು ಹೊರಟೆ. ನಮ್ಮ ವಿಭಾಗಕ್ಕೆ ಹೊಸದಾಗಿ ಸೇರಿದವರು ಆಗಾಗ ಇದನ್ನೇ ಕೇಳುತ್ತಾರೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಮೊದಲನೆಯದು ಹೆಸರಿನ ತಾಪತ್ರಯ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ. ಊರಿನದೊಂದು ಅಕ್ಷರ, ಅಪ್ಪನ ಹೆಸರಿನದೊಂದು ಅಕ್ಷರ, ಆಮೇಲೆ ನಮ್ಮ ಹೆಸರು. ಜರ್ನಲ್‌ನವರ ಫಾರ್ಮ್ ಇದನ್ನು ಒಪ್ಪುವುದಿಲ್ಲ, ಕೊನೆಯ ಹೆಸರು ಬೇಕೇ ಬೇಕು ಅನ್ನುತ್ತದೆ. ಒಂದು ಪೇಪರಿನಲ್ಲಿ ಇನಿಷಿಯಲ್ ಮುಂದೆ ಬಂತು, ಇನ್ನೊಂದರಲ್ಲಿ ಹಿಂದೆ ಹೋಯಿತು. ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ ಬಿಡಿಸಿಕೊಂಡು ಸರ್‌ನೇಮ್ ಆಗಿ ಕೂತಿತು. ಪೇಪರು, ಸೈಟೇಷನ್‌ಗಳ ಪಟ್ಟಿ ಇಡುವ ಸ್ಕೋಪಸ್ ಎಂಬ ದತ್ತಾಂಶಕೋಶದಲ್ಲಿ ನೋಡಿದರೆ ಮುಂಗಾರಿನ ಬಗ್ಗೆ ನಮ್ಮಪ್ಪನೇ ಪೇಪರ್ ಬರೆದ ಹಾಗಿತ್ತು. ಅವರು ಜೀವನದಲ್ಲಿ ಬರೆದದ್ದು ಅಡಿಕೆ ಮಂಡಿಯ ಲೆಕ್ಕ ಮಾತ್ರ.

ಇದಕ್ಕೆ ದಾರಿ ಇದೆ. 2012ರಿಂದ ಆರ್ಕಿಡ್ ಎಂಬ ಗುರುತಿನ ಸಂಖ್ಯೆ ಪುಕ್ಕಟೆ ಸಿಗುತ್ತದೆ, 16 ಅಂಕಿಯದ್ದು. ಹೆಸರು ಹೇಗೇ ಅಚ್ಚಾಗಲಿ, ಸಂಖ್ಯೆ ಒಂದೇ. ನಾನು ಅದನ್ನು ಮಾಡಿಸಿಕೊಂಡು ಹಳೆಯ ಪೇಪರ್‌ಗಳನ್ನೆಲ್ಲ ಅದಕ್ಕೆ ಸೇರಿಸಿದೆ. ಸ್ಕೋಪಸ್‌ನಲ್ಲಿ ಚದುರಿ ಹೋಗಿದ್ದ ಪ್ರೊಫೈಲ್‌ಗಳನ್ನು ಒಂದು ಮಾಡಿ ಅಂತ ಮನವಿ ಹಾಕಿದೆ. ಗೂಗಲ್ ಸ್ಕಾಲರ್‌ನಲ್ಲಿ ಉಲ್ಟಾ ತೊಂದರೆ. ನನ್ನದೇ ಹೆಸರಿನ ಇನ್ಯಾರೋ ಬರೆದ ಪೇಪರ್‌ಗಳು ಸದ್ದಿಲ್ಲದೆ ನನ್ನ ಪಟ್ಟಿಗೆ ಸೇರಿದ್ದವು. ಅವುಗಳನ್ನು ತೆಗೆದು, ತಾನಾಗಿ ಸೇರಿಸುವ ಸೆಟ್ಟಿಂಗ್ ಬದಲಿಸಿ, ಮೊದಲು ಮೇಲ್‌ನಲ್ಲಿ ಕೇಳುವ ಹಾಗೆ ಮಾಡಿದೆ. ಒಂದೇ ಪೇಪರ್ ಎರಡು ಸಲ ಬಂದಿದ್ದ ಕಡೆ ಎರಡನ್ನೂ ಕೂಡಿಸಿದೆ. ಒಟ್ಟು ಅಂಕಿ ಸ್ವಲ್ಪ ಇಳಿಯಿತು. ಇಳಿಯಲಿ ಬಿಡಿ.

ಎಚ್-ಇಂಡೆಕ್ಸ್ ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡುವುದು ಒಳ್ಳೆಯದು. 2005ರಲ್ಲಿ ಜಾರ್ಜ್ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಅಳತೆ ಇದು. ಪೇಪರ್‌ಗಳನ್ನು ಸೈಟೇಷನ್ ಜಾಸ್ತಿ ಇರುವುದರಿಂದ ಕಡಿಮೆಗೆ ಜೋಡಿಸಬೇಕು. ಎಷ್ಟನೆಯ ಪೇಪರಿನವರೆಗೆ ಸೈಟೇಷನ್ ಆ ಸ್ಥಾನದ ಸಂಖ್ಯೆಗಿಂತ ಕಡಿಮೆಯಾಗುವುದಿಲ್ಲವೋ ಆ ಸಂಖ್ಯೆಯೇ ಎಚ್-ಇಂಡೆಕ್ಸ್. ಉದಾಹರಣೆಗೆ ಒಬ್ಬರ ಆರು ಪೇಪರ್‌ಗೆ 40, 12, 9, 5, 4, 2 ಸೈಟೇಷನ್ ಇವೆ ಅಂದುಕೊಳ್ಳಿ. ನಾಲ್ಕನೆಯ ಪೇಪರಿಗೆ 5 ಇದೆ, ನಾಲ್ಕಕ್ಕಿಂತ ಕಡಿಮೆ ಇಲ್ಲ. ಐದನೆಯದಕ್ಕೆ 4 ಮಾತ್ರ. ಅಲ್ಲಿಗೆ ಎಚ್-ಇಂಡೆಕ್ಸ್ 4. ಆ 40 ಇದ್ದದ್ದು 400 ಆದರೂ ಅದು 4 ಆಗಿಯೇ ಇರುತ್ತದೆ. ಇಪ್ಪತ್ತು ಜನ ಸೇರಿ ಬರೆದ ಪೇಪರ್ ಇಪ್ಪತ್ತೂ ಜನರಿಗೆ ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ಇನ್ನು ಗೂಗಲ್ ಸ್ಕಾಲರ್ ತೋರಿಸುವ ಐ10 ಅಂದರೆ ಕನಿಷ್ಠ 10 ಸೈಟೇಷನ್ ಇರುವ ಪೇಪರ್‌ಗಳ ಸಂಖ್ಯೆ, ಇಲ್ಲಿ 2.

ಗೂಗಲ್ ಸ್ಕಾಲರ್ ಅಂಕಿ ಸಾಮಾನ್ಯವಾಗಿ ಜಾಸ್ತಿ. ಪಿಎಚ್‌ಡಿ ಪ್ರಬಂಧ, ಸಮ್ಮೇಳನದ ಪೇಪರು, ವರದಿ ಎಲ್ಲವನ್ನೂ ಅದು ಎಣಿಸುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಆಯ್ದ ಜರ್ನಲ್‌ಗಳನ್ನೇ ಹೆಚ್ಚಾಗಿ ನೋಡುತ್ತವೆ. ಹಾಗಾಗಿ ನಾನು ಅಂಕಿಯ ಪಕ್ಕದಲ್ಲಿ ಎಲ್ಲಿಂದ ತೆಗೆದದ್ದು, ಯಾವ ದಿನ ತೆಗೆದದ್ದು ಅಂತಲೂ ಬರೆದೆ. ಖಾನೆಯಲ್ಲಿ ಅಷ್ಟು ಜಾಗ ಇರಲಿಲ್ಲ, ಅಂಚಿನಲ್ಲಿ ಬರೆದೆ.

ನಿಜವಾದ ಕೆಲಸ ಶುರುವಾದದ್ದು ಇದಾದ ಮೇಲೆ. ನನ್ನ ಪೇಪರನ್ನು ಉಲ್ಲೇಖಿಸಿದ ಪೇಪರ್‌ಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಬಂದೆ. ಯಾಕೆ ಉಲ್ಲೇಖಿಸಿದ್ದಾರೆ ಅಂತ ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ. ಬಹಳಷ್ಟು ಕಡೆ ಮೊದಲ ಪ್ಯಾರಾದಲ್ಲಿ, 'ಪಶ್ಚಿಮ ಘಟ್ಟದ ಮಳೆ ಬದಲಾಗುತ್ತಿದೆ' ಎಂಬ ವಾಕ್ಯದ ಹಿಂದೆ ಬೇರೆ ಐದಾರು ಪೇಪರ್‌ಗಳ ಜೊತೆ ನನ್ನದೂ ಸಾಲಾಗಿ ನಿಂತಿತ್ತು. ಊರ ಜಾತ್ರೆಯ ಕರಪತ್ರದಲ್ಲಿ ಎಲ್ಲರ ಹೆಸರೂ ಹಾಕುತ್ತಾರಲ್ಲ, ಹಾಗೆ. ಕೆಲವರು ನಮ್ಮ ದತ್ತಾಂಶವನ್ನು ಅಥವಾ ವಿಧಾನವನ್ನು ಬಳಸಿದ್ದರು. ತೀರಾ ಕೆಲವರು ನಮ್ಮ ಫಲಿತಾಂಶವನ್ನು ಪರೀಕ್ಷಿಸಿ, ಹೌದು ಅಥವಾ ಅಲ್ಲ ಅಂದಿದ್ದರು.

ಆ 'ಅಲ್ಲ' ಅಂದವರ ಪೇಪರ್ ನನಗೆ ಬಹಳ ಹಿಡಿಸಿತು. ನಾವು ಮಳೆಮಾಪಕದ ಲೆಕ್ಕ ಹಿಡಿದು, ಆಗುಂಬೆ, ಹೊಸನಗರದ ಕಡೆ ಜೋರು ಮಳೆಯ ದಿನಗಳು ಹೇಗೆ ಬದಲಾಗಿವೆ ಅಂತ ನೋಡಿದ್ದೆವು. ಅವರು ಹವಾಮಾನ ಇಲಾಖೆಯ ಗ್ರಿಡ್ ದತ್ತಾಂಶ, ಅಂದರೆ ನಕ್ಷೆಯನ್ನು ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಒಂದು ಮಳೆ ಲೆಕ್ಕ ಕೊಡುವ ದತ್ತಾಂಶ ಹಿಡಿದಿದ್ದರು. ಅದು 1901ರಿಂದ ದಿನದ ಲೆಕ್ಕದಲ್ಲಿ ಸಿಗುತ್ತದೆ, ಬಹಳ ಉಪಯೋಗದ್ದು. ಆದರೆ ಅದರ ಒಂದು ಚೌಕ 0.25 ಡಿಗ್ರಿ, ಅಂದರೆ ಹೆಚ್ಚುಕಡಿಮೆ 27 ಕಿ.ಮೀ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ನೂರು ಕಿ.ಮೀ. ಒಳಗೇ ಇರುವ ಶಿವಮೊಗ್ಗ ನಗರಕ್ಕೆ ಬರುವಷ್ಟರಲ್ಲಿ 1,000ದ ಆಸುಪಾಸಿಗೆ ಇಳಿದಿರುತ್ತದೆ. ಘಟ್ಟದ ಅಂಚನ್ನೂ ಅದರ ಹಿಂದಿನ ಊರನ್ನೂ ಒಂದೇ ಚೌಕದಲ್ಲಿ ಸರಾಸರಿ ಮಾಡಿದರೆ ಏರಿಳಿತ ಮಾಸಿ ಹೋಗುತ್ತದೆ. ಹಾಗಂತ ಬಿಡಿ ಮಾಪಕವೂ ಸಾಚಾ ಅಲ್ಲ. ಪಕ್ಕದ ಮರ ಬೆಳೆದು ಮುಚ್ಚಿಕೊಂಡರೂ ಮಳೆ 'ಕಡಿಮೆಯಾಗುತ್ತದೆ'. ಇಂಥ ಜಗಳಕ್ಕೂ ಎಣಿಕೆಯಲ್ಲಿ ಸಿಗುವುದು ಒಂದೇ ಸೈಟೇಷನ್, ಕರಪತ್ರದ ಹೆಸರಿಗೂ ಒಂದೇ.

ಇನ್ನೊಂದು ವಿಷಯ ಕಿರಿಯರಿಗೆ ಹೇಳಲೇಬೇಕು. 2006ರಲ್ಲಿ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು, 2017ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ತಂಡದವರು ಮಧ್ಯ ಭಾರತದ ಅತಿ ಮಳೆಯ ಬಗ್ಗೆ ಬರೆದ ಪೇಪರ್‌ಗಳಿವೆ. ಭಾರತದ ಅತಿ ಮಳೆಯ ಬಗ್ಗೆ ಯಾರು ಬರೆದರೂ ಅವುಗಳನ್ನು ಮುಟ್ಟದೆ ಮುಂದೆ ಹೋಗುವುದು ಕಷ್ಟ. ಯುರೋಪಿನ ಇಆರ್‌ಎ5 ಎಂಬ ಜಾಗತಿಕ ಹವಾಮಾನ ದತ್ತಾಂಶದ ಬಗ್ಗೆ 2020ರಲ್ಲಿ ಬಂದ ಪೇಪರಿಗಂತೂ ಸೈಟೇಷನ್ ಸಾವಿರಗಟ್ಟಲೆ, ಯಾಕೆಂದರೆ ಲೋಕವೆಲ್ಲ ಆ ದತ್ತಾಂಶ ಬಳಸುತ್ತದೆ. ಒಂದು ಜಿಲ್ಲೆಯ ಮಳೆ ಎಣಿಸುವ ನಾವು ನಮ್ಮ ಅಂಕಿಯನ್ನು ಅವುಗಳ ಪಕ್ಕ ಇಟ್ಟು ಕೊರಗುವುದರಲ್ಲಿ ಅರ್ಥವಿಲ್ಲ ಅಲ್ವಾ?

ಆದರೆ ಆ ಇಆರ್‌ಎ5 ಪೇಪರಿನಿಂದ ಒಂದು ಉಪಾಯ ಹೊಳೆಯಿತು, ನಾವೂ ಬೇರೆಯವರು ಬಳಸುವಂಥ ದತ್ತಾಂಶ ಕೊಟ್ಟರಾಯಿತು ಅಂತ. ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಅಳೆದು ಡೈರಿಯಲ್ಲಿ ಬರೆಯುವ ರೂಢಿ ಹಳೆಯದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕು ಎಂಬ ಲೆಕ್ಕಕ್ಕೂ ಅದು ಬೇಕು. ತೀರ್ಥಹಳ್ಳಿ, ಸಾಗರ ಕಡೆಯ ಬೆಳೆಗಾರರ ಒಪ್ಪಿಗೆ ಪಡೆದು ಆ ಡೈರಿಗಳ ಫೋಟೋ ತೆಗೆದೆವು. ಅಲ್ಲಿನ ಲೆಕ್ಕ ಇಂಚು ಮತ್ತು ಸೆಂಟ್, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ. 3 ಇಂಚು 40 ಸೆಂಟ್ ಅಂದರೆ 86.36 ಮಿ.ಮೀ. ಕೆಲವರು ಬೆಳಗ್ಗೆ ಅಳೆದು ಹಿಂದಿನ ದಿನದ ಪುಟದಲ್ಲಿ ಬರೆಯುತ್ತಾರೆ, ಕೆಲವರು ಅದೇ ದಿನದಲ್ಲಿ. ಇಲಾಖೆಯ ಲೆಕ್ಕ ಬೆಳಗ್ಗೆ 8:30ರಿಂದ 8:30ಕ್ಕೆ. ಇದನ್ನು ಮನೆ ಮನೆಗೂ ಕೇಳಿ ಸರಿಹೊಂದಿಸುವುದೇ ದೊಡ್ಡ ಕೆಲಸವಾಯಿತು. ಖಾಲಿ ಬಿಟ್ಟ ದಿನ ಮಳೆ ಇರಲಿಲ್ಲವೋ, ಮನೆಯವರು ಮದುವೆಗೆ ಹೋಗಿದ್ದರೋ ಅಂತ ಕೇಳಿದಾಗ ಒಬ್ಬ ಹಿರಿಯರು ನಕ್ಕರು. "ಆರಿದ್ರಾ ಮಳೆಯಲ್ಲಿ ಯಾರ ಮನೆ ಮದುವೆ ಮಾರಾಯ್ರೆ? ಅವತ್ತು ಪೆನ್ನು ಸಿಕ್ಕಿರಲಿಕ್ಕಿಲ್ಲ."

ಆ ದತ್ತಾಂಶವನ್ನು ಮನೆಗಳ ಹೆಸರು ತೆಗೆದು, ಸಂಶೋಧನಾ ದತ್ತಾಂಶ ಇಡುವ ಜೆನೋಡೋ ಎಂಬ ತಾಣದಲ್ಲಿ ಹಾಕಿದೆವು. ಡಿಒಐ, ಅಂದರೆ ಉಲ್ಲೇಖಿಸಲು ಬೇಕಾದ ಶಾಶ್ವತ ಗುರುತಿನ ಸಂಖ್ಯೆ, ತಕ್ಷಣ ಸಿಕ್ಕಿತು. ಆದರೆ ಬರೀ ದತ್ತಾಂಶಕ್ಕೆ ಬಂದ ಉಲ್ಲೇಖ ಲೇಖಕರ ಎಚ್-ಇಂಡೆಕ್ಸಿಗೆ ಸೇರುವುದು ಅಪರೂಪ. ಅದಕ್ಕೆ, ಹೇಗೆ ಸಂಗ್ರಹಿಸಿದೆವು ಅಂತ ವಿವರಿಸುವ ಚಿಕ್ಕ ಡೇಟಾ ಪೇಪರನ್ನೂ ಜರ್ನಲ್‌ಗೆ ಕಳಿಸಿದೆವು. ನನ್ನ ಪೇಪರ್‌ಗಳಲ್ಲಿ ಈಗ ಜಾಸ್ತಿ ಬಳಕೆಯಲ್ಲಿರುವುದು ಅದೇ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಬರೆದ ವಿಶ್ಲೇಷಣೆಯ ಪೇಪರ್ ಅದರ ಹಿಂದೆ ಎಲ್ಲೋ ಇದೆ. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಎರಡೂ ನನ್ನವೇ ಆದರೂ.

ಅರ್ಜಿಗೆ ಕೊನೆಗೆ ಒಂದು ಪುಟ ಲಗತ್ತಿಸಿದೆ. ಯಾವ ಪೇಪರನ್ನು ಯಾರು ಯಾವುದಕ್ಕೆ ಬಳಸಿದರು, ನನ್ನದನ್ನು ನಾನೇ ಉಲ್ಲೇಖಿಸಿದ್ದು ಎಷ್ಟು, ಬರವಣಿಗೆಯಲ್ಲಿ ನನ್ನ ಪಾಲೇನು. ಸಮಿತಿಯಲ್ಲಿ ಒಬ್ಬರು ಅದನ್ನು ಓದಿ ಗ್ರಿಡ್ ಜಗಳದ ಬಗ್ಗೆಯೇ ಕೇಳಿದರು. ಉಳಿದವರು ಅಂಕಿ ನೋಡಿ ಪುಟ ತಿರುಗಿಸಿದರು.

ನೀವೂ ಜೆನೋಡೋ ಬಳಸುವುದಾದರೆ ಒಂದು ಮಾತು. ಅಲ್ಲಿ ಎರಡು ಬಗೆಯ ಡಿಒಐ ಸಿಗುತ್ತದೆ, ಆಯಾ ಆವೃತ್ತಿಯದು ಒಂದು, ಎಲ್ಲ ಆವೃತ್ತಿಗೂ ಸೇರಿ ಒಂದು. ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸ ಡೈರಿ ಸೇರಿಸುವವರು ಬಳಕೆದಾರರಿಗೆ ಆವೃತ್ತಿಯ ಡಿಒಐಯನ್ನೇ ಉಲ್ಲೇಖಿಸಲು ಹೇಳಿ. ಇಲ್ಲದಿದ್ದರೆ ಯಾರು ಯಾವ ವರ್ಷದವರೆಗಿನ ಮಳೆ ಬಳಸಿದರು ಅಂತ ಆಮೇಲೆ ಪತ್ತೆ ಹಚ್ಚುವುದು ಕಷ್ಟ.